ನೋವು ಕಾಲಿನಿಂದ ಸೊಂಟಕ್ಕೆ ಹತ್ತಿದ ದಿನ

ಈ ವಿಡಿಯೋದಲ್ಲಿ ಕಾಣುವುದು ಶಿರಸಿ ಹತ್ತಿರದ ನಮ್ಮ ಮನೆಯ ಜಗಲಿ. ಬೆಳಗಿನ ಆರೂವರೆ. ಚಾಪೆ ಮೇಲೆ ಬೋರಲು ಮಲಗಿರುವುದು ನಾನೇ. ಎರಡು ತಿಂಗಳ ಹಿಂದೆ ಹೀಗೆ ಮಲಗಿದರೆ ಎಬ್ಬಿಸಲು ಇಬ್ಬರು ಬೇಕಿತ್ತು.

ಕೊನೆ (ಅಡಿಕೆ ಗೊನೆ) ಕೊಯ್ಲಿನ ಸಮಯ. ಮೂರು ದಿನ ಮೆಟ್ಟುಗತ್ತಿ ಮುಂದೆ ಬಗ್ಗಿ ಕೂತು ಅಡಿಕೆ ಸುಲಿದಿದ್ದೆ, ನಾಲ್ಕನೇ ದಿನ ಬೆಳಿಗ್ಗೆ ಒಂದು ಚೀಲ ಎತ್ತಿದೆ, ಸೊಂಟದಲ್ಲಿ ಚಳಕ್ ಅಂದಿತು, ಸಂಜೆಯೊಳಗೆ ಎಡಗಾಲಿನ ಮೀನಖಂಡದವರೆಗೂ ಕರೆಂಟ್ ಹೊಡೆದ ಹಾಗೆ ನೋವು ಇಳಿಯಿತು. ಕಾಲು ಮುಂದಾಗಿ ಹುಟ್ಟಿದವರ ಹತ್ತಿರ ಬೆನ್ನು ತುಳಿಸಿಕೋ ಅಂದರು. ತುಳಿಸಿಕೊಂಡೆ. ಮರುದಿನ ಮಗ್ಗಲು ಬದಲಿಸಲೂ ಆಗಲಿಲ್ಲ. ದಯವಿಟ್ಟು ಅದನ್ನು ಮಾತ್ರ ಮಾಡಬೇಡಿ.

ಎಂಆರ್‌ಐಯಲ್ಲಿ ಎಲ್‌4-ಎಲ್‌5 ಡಿಸ್ಕ್, ಅಂದರೆ ಸೊಂಟದ ನಾಲ್ಕನೇ-ಐದನೇ ಮೂಳೆಗಳ ನಡುವಿನ ಮೆತ್ತೆ, ಹೊರಗೆ ಬಂದಿದೆ ಅಂತ ಗೊತ್ತಾಯಿತು. ಸುಕ್ರುಂಡೆ ಕರಿಯುವಾಗ ಮೇಲಿನ ಹಿಟ್ಟು ಬಿರಿದು ಹೂರಣ ಹೊರಗೆ ಬರುತ್ತದಲ್ವಾ, ಹಾಗೆ. ಬಂದದ್ದು ಕಾಲಿಗೆ ಹೋಗುವ ನರಕ್ಕೆ ತಾಗುತ್ತದೆ.

ಫಿಸಿಯೋ ಮೇಡಂ ಮೊದಲ ದಿನ ಸೊಂಟ ಮುಟ್ಟಲೇ ಇಲ್ಲ. ಕಾಲನ್ನು ನೇರವಾಗಿ ಎತ್ತಿ ನೋಡಿದರು, ಹೆಬ್ಬೆರಳಿಗೆ ಬಲ ಇದೆಯಾ ನೋಡಿದರು, ಮೂತ್ರ ಸರಿಯಾಗಿ ಹೋಗುತ್ತಿದೆಯಾ ಕೇಳಿದರು. ಆಮೇಲಿನ ದಿನಗಳಲ್ಲಿ ಬೆನ್ನುಮೂಳೆಯ ಪಕ್ಕ ಅಂಗೈ ಇಟ್ಟು ನಿಧಾನವಾಗಿ, ಒಂದೇ ಲಯದಲ್ಲಿ ಒತ್ತುತ್ತಿದ್ದರು. ಲಟಕ್ ಅನ್ನಿಸುವುದು ಇಲ್ಲವೇ ಇಲ್ಲ.

"ಡಿಸ್ಕ್ ಒಳಗೆ ತಳ್ಳುತ್ತಿದ್ದೀರಾ ಮೇಡಂ?" ಅಂತ ಕೇಳಿದೆ.

"ಅದನ್ನು ಯಾರ ಕೈಯೂ ಒಳಗೆ ತಳ್ಳುವುದಿಲ್ಲ. ಬಿಗಿ ಸಡಿಲವಾಗಿ ನೋವು ಸ್ವಲ್ಪ ಇಳಿಯುತ್ತದೆ. ಅಷ್ಟರೊಳಗೆ ನೀವು ಅಲ್ಲಾಡಬೇಕು. ನನ್ನ ಕೈ ಇರುವುದು ಅದಕ್ಕೆ."

ಹಾಗಾಗಿ ಈ ವ್ಯಾಯಾಮ. ಬೋರಲು ಮಲಗಿ, ಸೊಂಟ ಚಾಪೆಗೇ ಬಿಟ್ಟು, ಕೈ ಊರಿ ಎದೆ ಎತ್ತುವುದು. ಎರಡು ವಾರದ ಮೇಲೆ ಮೀನಖಂಡದ ನೋವು ಹೋಯಿತು, ಆದರೆ ಸೊಂಟದಲ್ಲಿ ಜಾಸ್ತಿ ಆಯಿತು. ಹೆದರಿ ಫೋನ್ ಮಾಡಿದೆ. ಮೇಡಂ ಖುಷಿಪಟ್ಟರು! ನೋವು ಕಾಲಿನಿಂದ ಮೇಲೆ ಹತ್ತಿದರೆ ಒಳ್ಳೆಯ ಲಕ್ಷಣವಂತೆ. ಕೆಳಗೆ ಇಳಿಯತೊಡಗಿದರೆ ನಿಲ್ಲಿಸಬೇಕು. ನ್ಯೂಜಿಲೆಂಡಿನ ರಾಬಿನ್ ಮೆಕೆಂಜಿ ಎಂಬ ಫಿಸಿಯೋ 1956ರಲ್ಲಿ ಇದನ್ನು ಆಕಸ್ಮಿಕವಾಗಿ ಗಮನಿಸಿದ್ದರು. ಅವರ ರೋಗಿಯೊಬ್ಬರು ತಲೆಯ ಕಡೆ ಎತ್ತಿದ್ದ ಮಂಚದ ಮೇಲೆ ಬೋರಲು ಮಲಗಿಬಿಟ್ಟಿದ್ದರು, ಏಳುವಾಗ ಕಾಲುನೋವೇ ಇರಲಿಲ್ಲ. ಹಾಗಂತ ಎಲ್ಲರಿಗೂ ಹಿಂದಕ್ಕೆ ಬಾಗುವುದು ಹೊಂದುವುದಿಲ್ಲ. ನನ್ನ ವಿಡಿಯೋ ನೋಡಿ ಸುಮ್ನೆ ಶುರು ಮಾಡಬೇಡಿ, ಮೊದಲು ತೋರಿಸಿಕೊಳ್ಳಿ.

ಹೆಚ್ಚಿನವರಿಗೆ 6ರಿಂದ 12 ವಾರದಲ್ಲಿ ಆಪರೇಶನ್ ಇಲ್ಲದೆಯೇ ಕಡಿಮೆ ಆಗುತ್ತದೆ. ಹೊರಗೆ ಬಂದ ಭಾಗ ಎಷ್ಟೋ ಸಲ ತಾನಾಗಿ ಕರಗುತ್ತದೆ. ಆದರೆ ತೊಡೆಸಂದಿ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದಿದ್ದರೆ, ಪಾದ ಎತ್ತಲು ಬಾರದಿದ್ದರೆ ಫಿಸಿಯೋ ಅಲ್ಲ, ಆ ಹೊತ್ತಿಗೇ ಆಸ್ಪತ್ರೆ. ನಮ್ಮ ಕಡೆಯಿಂದ ಹುಬ್ಬಳ್ಳಿಗೇ ಸುಮಾರು 100 ಕಿಲೋಮೀಟರ್ ದಾರಿ, ಬೆಳಗಾಗಲಿ ಅಂತ ಕಾಯಬೇಡಿ.

ಈಗ ಸುಲಿಯಲು ಕೂತರೂ ಇಪ್ಪತ್ತು ನಿಮಿಷಕ್ಕೊಮ್ಮೆ ಏಳುತ್ತೇನೆ. ಮರೆತರೆ ಆಯಿ ಒಳಗಿಂದಲೇ ಕೂಗುತ್ತಾಳೆ, "ತಮಾ, ಏಳು!" ಚೀಲಕ್ಕೆ ಇನ್ನೂ ಕೈ ಹಾಕಿಲ್ಲ.