ಪ್ರತಿಯೊಬ್ಬ ಸಂದರ್ಶಕನಿಗೂ ಒಂದು ಮನಸ್ಸು: ರೋಲರ್‌ಕೋಸ್ಟರ್ ಟೈಕೂನ್ ಆಟದ ಕುರಿತು

ಮಾನ್ಯ ಕೇಳುಗರೇ, ನಮಸ್ಕಾರ.

ಈ ಹೊತ್ತಿನಲ್ಲಿ ರೇಡಿಯೊ ಕೇಳುತ್ತಿರುವವರಲ್ಲಿ ಅನೇಕರು, ಮಕ್ಕಳನ್ನು ಕಂಪ್ಯೂಟರಿನ ಮುಂದಿನಿಂದ ಎಬ್ಬಿಸಿ ಎಬ್ಬಿಸಿ ಸಾಕಾಗಿರುವ ತಂದೆತಾಯಂದಿರು ಎಂದು ನಾನು ಊಹಿಸಿಕೊಂಡಿದ್ದೇನೆ. ಅಂಥವರ ಎದುರು ಕಂಪ್ಯೂಟರ್ ಆಟವೊಂದನ್ನು ಹೊಗಳುವುದು ಸ್ವಲ್ಪ ಧೈರ್ಯದ ಕೆಲಸವೇ. ಆದರೂ ಹೊಗಳುತ್ತೇನೆ, ಏಕೆಂದರೆ ರೋಲರ್‌ಕೋಸ್ಟರ್ ಟೈಕೂನ್ ಎಂಬ ಈ ಆಟ ಬಂದದ್ದು 1999ರಲ್ಲಿ. ಅದರ ಜೊತೆಗೆ ಬಂದ ನೂರಾರು ಆಟಗಳನ್ನು ಜನ ಮರೆತಿದ್ದಾರೆ, ಇದನ್ನು ಇಂದಿಗೂ ಆಡುತ್ತಿದ್ದಾರೆ.

ಸ್ಕಾಟ್ಲೆಂಡಿನ ಕ್ರಿಸ್ ಸಾಯರ್ ಎಂಬ ಪ್ರೋಗ್ರಾಮರ್ ಇದನ್ನು ಹೆಚ್ಚುಕಡಿಮೆ ಒಬ್ಬರೇ ಕುಳಿತು ಬರೆದರು. ಚಿತ್ರಗಳನ್ನು ಸೈಮನ್ ಫಾಸ್ಟರ್, ಸಂಗೀತವನ್ನು ಅಲಿಸ್ಟರ್ ಬ್ರಿಂಬಲ್ ಒದಗಿಸಿದರು. ಆಡುವವರ ಕೈಗೆ ಒಂದು ಜಮೀನು ಮತ್ತು ಒಂದಿಷ್ಟು ಸಾಲದ ಹಣ ಸಿಗುತ್ತದೆ. ಅದರಲ್ಲಿ ಒಂದು ಮನರಂಜನಾ ಉದ್ಯಾನ ಮಾಡಬೇಕು: ದಾರಿ ಹಾಕಿ, ಉಯ್ಯಾಲೆ, ರಾಟೆ, ಹಳಿಯ ಮೇಲೆ ಏರಿಳಿದು ಓಡುವ ರೋಲರ್‌ಕೋಸ್ಟರ್‌ಗಳನ್ನು ಕಟ್ಟಿ, ತಿಂಡಿ ಅಂಗಡಿ ತೆರೆದು, ಬಂದವರಿಂದ ಹಣ ಸಂಪಾದಿಸಬೇಕು. ಇಷ್ಟೇ ಆಗಿದ್ದರೆ ನಾನು ಇಲ್ಲಿಗೆ ಬರುತ್ತಿರಲಿಲ್ಲ.

ನಾನು ಹೇಳಬೇಕಾದದ್ದು ಒಂದೇ ಮಾತು. ಈ ಆಟದಲ್ಲಿ ಗುಂಪು ಎಂಬುದಿಲ್ಲ, ವ್ಯಕ್ತಿಗಳಿದ್ದಾರೆ. ಪರದೆಯ ಮೇಲೆ ಅಕ್ಕಿಕಾಳಿನಷ್ಟು ಚಿಕ್ಕದಾಗಿ ನಡೆದಾಡುವ ಯಾವ ಸಂದರ್ಶಕನ ಮೇಲೆ ಮೌಸ್ ಒತ್ತಿದರೂ, ಅವನ ಜೇಬಿನಲ್ಲಿ ಎಷ್ಟು ಹಣ ಉಳಿದಿದೆ, ಹಸಿವೆಷ್ಟು, ಬಾಯಾರಿಕೆಯೆಷ್ಟು, ಹೊಟ್ಟೆ ತೊಳಸುತ್ತಿದೆಯೇ, ಕೈಯಲ್ಲಿ ಏನು ಹಿಡಿದಿದ್ದಾನೆ ಎಂಬುದೆಲ್ಲ ಕಾಣುತ್ತದೆ. ಅಷ್ಟೇ ಅಲ್ಲ, ಆ ಕ್ಷಣದಲ್ಲಿ ಅವನು ಮನಸ್ಸಿನಲ್ಲಿ ಏನೆಂದುಕೊಳ್ಳುತ್ತಿದ್ದಾನೆ ಎಂಬುದೂ ಒಂದು ವಾಕ್ಯವಾಗಿ ಮೂಡುತ್ತದೆ. ಇದಕ್ಕೆ ಇಷ್ಟು ಹಣ ಕೊಡಲಾರೆ ಎಂದು ಒಬ್ಬ, ದಣಿವಾಗಿದೆ ಎಂದು ಇನ್ನೊಬ್ಬ, ಮನೆಗೆ ಹೋಗಬೇಕು ಎಂದು ಮತ್ತೊಬ್ಬ.

ಇದರ ಬೆಲೆ ನನಗೆ ಮನವರಿಕೆಯಾದದ್ದು ನನ್ನ ಅಕ್ಕನ ಮಗಳು ಆಡುವುದನ್ನು ಪಕ್ಕದಲ್ಲಿ ಕುಳಿತು ನೋಡಿದಾಗ. ಅವಳಿಗೆ ಇಕ್ಕಟ್ಟಾದ ದಾರಿಗಳು ಹಿಡಿಸಲಿಲ್ಲ. ಊರಿನ ಮೈದಾನದಷ್ಟು ಅಗಲವಾಗಿ, ಐದಾರು ಚೌಕಗಳನ್ನು ಒಟ್ಟೊಟ್ಟಿಗೆ ಹಾಸಿ, ನಡುವೆ ಹೂಗಿಡಗಳನ್ನು ನೆಟ್ಟು, ನೋಡುವುದಕ್ಕೆ ಬಹಳ ಸೊಗಸಾದ ಅಂಗಳವೊಂದನ್ನು ಮಾಡಿದಳು. ಸ್ವಲ್ಪ ಹೊತ್ತಿನಲ್ಲೇ ಉದ್ಯಾನದ ಅಂಕ, ಅಂದರೆ ಉದ್ಯಾನ ಎಷ್ಟು ಚೆನ್ನಾಗಿ ನಡೆಯುತ್ತಿದೆ ಎಂದು ಆಟ ಕೊಡುವ ಅಂಕ, ಇಳಿಯತೊಡಗಿತು. ಅವಳು ಟಿಕೆಟ್ ದರ ತಗ್ಗಿಸಿದಳು, ಇನ್ನೊಂದು ರಾಟೆ ಕಟ್ಟಿದಳು, ಕಸ ಗುಡಿಸುವವರನ್ನು ಹೆಚ್ಚಿಸಿದಳು, ಅಂಕ ಏರಲಿಲ್ಲ. ಸಿಟ್ಟಿನಲ್ಲಿ, "ಮಾಮ, ಈ ಆಟವೇ ಕೆಟ್ಟಿದೆ" ಎಂದಳು. ಯಾರನ್ನಾದರೂ ಒಬ್ಬನನ್ನು ಒತ್ತಿ ನೋಡು ಎಂದೆ. ಒತ್ತಿದರೆ, ಹೊರಗೆ ಹೋಗುವ ಬಾಗಿಲು ಸಿಗುತ್ತಿಲ್ಲ ಎಂದು ಅವನು ಅಂದುಕೊಳ್ಳುತ್ತಿದ್ದ. ಪಕ್ಕದವನದೂ ಅದೇ ಗೋಳು. ಕೈಯಲ್ಲಿ ಬಲೂನು ಹಿಡಿದ ಆ ಬಡಪಾಯಿ, ತೇರಿನ ದಿನ ಮನೆಯವರ ಕೈ ತಪ್ಪಿದ ಮಗುವಿನಂತೆ, ಅಂಗಳದ ಸುತ್ತ ತಿರುಗಿ ತಿರುಗಿ ಹೊರಟಲ್ಲಿಗೇ ಬರುತ್ತಿದ್ದ.

ಕಾರಣ ಸರಳ. ಈ ಸಂದರ್ಶಕರಿಗೆ ದಾರಿ ಹುಡುಕುವ ಶಕ್ತಿ ಅಷ್ಟಕ್ಕಷ್ಟೆ. ದಾರಿ ಕವಲೊಡೆದಷ್ಟೂ ಅವರು ಗೊಂದಲಕ್ಕೆ ಬೀಳುತ್ತಾರೆ, ಅಗಲವಾದ ಅಂಗಳದಲ್ಲಂತೂ ಹೆಜ್ಜೆಹೆಜ್ಜೆಗೂ ಕವಲೇ. ಅವಳು ಗೊಣಗುತ್ತಲೇ ಅಂಗಳವನ್ನು ಅಗೆದು ಒಂದೇ ಚೌಕದ ದಾರಿಯನ್ನು ಉಳಿಸಿದಳು, ಬಾಗಿಲ ಬಳಿ ಉದ್ಯಾನದ ನಕ್ಷೆ ಮಾರುವ ಅಂಗಡಿಯೊಂದನ್ನು ಇಟ್ಟಳು. ಅದೇ ಅಂಗಡಿಯಲ್ಲಿ ಕೊಡೆಯೂ ಸಿಗುತ್ತದೆ, ಮಳೆ ಬಂದಾಗ ಕೊಡೆಯ ಬೆಲೆ ಏರಿಸಿದರೂ ಜನ ಕೊಳ್ಳುತ್ತಾರೆ ಎಂಬುದನ್ನು ನಾನು ಹೇಳಿಕೊಡಲಿಲ್ಲ. ಅದನ್ನು ಅವಳೇ ಕಂಡುಕೊಂಡಳು, ಅದೂ ಬಹಳ ಬೇಗ. ಬಲೂನಿನವನು ಬಾಗಿಲು ದಾಟುವವರೆಗೂ ಪರದೆಯ ಮೇಲೆ ಅವನ ವಿವರ ತೋರುವ ಕಿಟಕಿಯನ್ನು ಮುಚ್ಚಲು ಮಾತ್ರ ಅವಳು ಒಪ್ಪಲಿಲ್ಲ.

ನೋಡಿ, ಮತ್ತೆ ಅದೇ ಮಾತಿಗೆ ಬರುತ್ತೇನೆ. ಅಂಕ ಇಳಿದಿದೆ ಎಂದಷ್ಟೇ ಹೇಳುವ ಆಟಗಳು ಸಾವಿರ ಇವೆ. ಯಾರಿಗೆ ಏನು ತೊಂದರೆಯಾಗಿ ಇಳಿಯಿತು ಎಂದು ಆ ಮನುಷ್ಯನ ಬಾಯಿಂದಲೇ ಹೇಳಿಸುವ ಆಟ ಇದು.

ನನಗೆ ಕೊಟ್ಟ ಸಮಯದಲ್ಲಿ ಬಹುಪಾಲನ್ನು ಈ ಕಥೆಯೇ ತಿಂದಿತು. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ನೀವು ಕಟ್ಟುವ ಪ್ರತಿ ರೋಲರ್‌ಕೋಸ್ಟರ್‌ಗೂ ರೋಮಾಂಚನ, ತೀವ್ರತೆ, ವಾಕರಿಕೆ ಎಂಬ ಮೂರು ಅಂಕಗಳು ಬರುತ್ತವೆ. ಭಯಂಕರವಾಗಿ ಕಟ್ಟಿದರೆ ಜನ ಮುಗಿಬೀಳುತ್ತಾರೆ ಎಂದು ಭಾವಿಸಬೇಡಿ. ಒಬ್ಬೊಬ್ಬರಿಗೂ ತಾಳಿಕೆಯ ಮಿತಿ ಬೇರೆ, ತೀವ್ರತೆ ಅದನ್ನು ಮೀರಿದರೆ ಅವರು ಹತ್ತುವುದೇ ಇಲ್ಲ. ಇಳಿದು ಬಂದವರು ದಾರಿಯಲ್ಲೇ ವಾಂತಿ ಮಾಡಿಕೊಂಡರೆ ನಿರ್ಗಮನದ ಬಳಿ ಬೆಂಚು ಹಾಕಿ, ಗುಡಿಸುವವನನ್ನು ನೇಮಿಸಿ.

ಆಗಿನ ಸಾಮಾನ್ಯ ಕಂಪ್ಯೂಟರಿನಲ್ಲಿ ಇಷ್ಟೊಂದು ಮನಸ್ಸುಗಳನ್ನು ಹೇಗೆ ಓಡಿಸಿದರು ಎಂದು ಕೆಲವರು ಕೇಳಬಹುದು. ಸಾಯರ್ ಆಟದ ಶೇಕಡಾ 99ರಷ್ಟು ಭಾಗವನ್ನು ಯಂತ್ರಕ್ಕೆ ಅತಿ ಸಮೀಪವಾದ ಅಸೆಂಬ್ಲಿ ಭಾಷೆಯಲ್ಲೇ ಬರೆದರು. ಬರೆಯುವವರಿಗೆ ಅದು ಹಿಂಸೆ, ಯಂತ್ರಕ್ಕೆ ಹಗುರ. ಎರಡನೆಯ ಆವೃತ್ತಿ 2002ರಲ್ಲಿ ಬಂತು. 2014ರಲ್ಲಿ ಅಭಿಮಾನಿಗಳು ಅದನ್ನು ಓಪನ್‌ಆರ್‌ಸಿಟಿ2 ಎಂಬ ಹೆಸರಿನಲ್ಲಿ ಹೊಸದಾಗಿ ಬರೆಯಲು ತೊಡಗಿದರು. ಸಂಬಳವಿಲ್ಲದ ಆ ಕೆಲಸ ವರ್ಷಗಟ್ಟಲೆ ನಡೆದು ಬಂದಿದೆ. ಮೊಬೈಲಿನಲ್ಲಿ ಆಡಬಯಸುವವರಿಗೆ ಕ್ಲಾಸಿಕ್ ಎಂಬ ಆವೃತ್ತಿಯಿದೆ.

ಆರಂಭಿಸುವವರು ಫಾರೆಸ್ಟ್ ಫ್ರಾಂಟಿಯರ್ಸ್ ಎಂಬ ಮೊದಲ ಉದ್ಯಾನವನ್ನೇ ಆರಿಸಿಕೊಳ್ಳಿ. ಮೊದಲ ವರ್ಷದ ಅಕ್ಟೋಬರ್ ಕೊನೆಗೆ ಉದ್ಯಾನದಲ್ಲಿ 250 ಜನರಿರಬೇಕು, ಉದ್ಯಾನದ ಅಂಕ 600ಕ್ಕೆ ಕಡಿಮೆಯಿರಬಾರದು; ಇಷ್ಟೇ ಗುರಿ. ರೋಲರ್‌ಕೋಸ್ಟರ್ ಕಟ್ಟುವ ಆತುರದಲ್ಲಿ ಶೌಚಾಲಯ ಕಟ್ಟುವುದನ್ನು ಮಾತ್ರ ದಯವಿಟ್ಟು ಮರೆಯಬೇಡಿ. ಎಲ್ಲರೂ ಮರೆಯುತ್ತಾರೆ.

ನಮಸ್ಕಾರ.