ಬೆಂಚಿನ ಕಥೆ ಸಾಕು, ಸಿಮಿಯನ್ ಕಲಿಸಿದ ಪ್ರಸಂಗದ ಕೆಲಸ ನೋಡೋಣ

ಇಂಗ್ಲೆಂಡಿನ ಕ್ರೈಸ್ತ ಬೋಧಕ ಚಾರ್ಲ್ಸ್ ಸಿಮಿಯನ್ ಅಂದ ಕೂಡಲೇ ಎಲ್ಲರೂ ಬೆಂಚಿನ ಕಥೆ ಹೇಳ್ತಾರೆ. 1782ರಲ್ಲಿ ಕೇಂಬ್ರಿಡ್ಜ್‌ನ ಹೋಲಿ ಟ್ರಿನಿಟಿ ಚರ್ಚಿಗೆ ಬೋಧಕರಾಗಿ ಸಿಮಿಯನ್ ಅವರನ್ನ ಬಿಷಪ್ (ಆ ಪ್ರಾಂತ್ಯದ ಚರ್ಚುಗಳ ಮುಖ್ಯಸ್ಥರು) ನೇಮಿಸಿದಾಗ ಅವರ ವಯಸ್ಸು 23. ಸಭೆಯವರಿಗೆ, ಅಂದ್ರೆ ಆ ಚರ್ಚಿನ ಜನರಿಗೆ, ಬೇಕಾಗಿದ್ದವರು ಅಲ್ಲೇ ಇದ್ದ ಸಹಾಯಕ ಬೋಧಕರು. ಆಗಿನ ಚರ್ಚಿನಲ್ಲಿ ಕೂರೋ ಜಾಗಕ್ಕೆ ಗೂಡಿನ ಹಾಗೆ ಸುತ್ತ ಹಲಗೆ, ಅದಕ್ಕೊಂದು ಬಾಗಿಲು ಇರ್ತಿತ್ತು. ಆ ಜಾಗದ ಹಕ್ಕುದಾರರು ಬಾಗಿಲಿಗೆ ಬೀಗ ಜಡಿದು ಚರ್ಚಿಗೆ ಬರೋದನ್ನೇ ಬಿಟ್ಟರು. ಬಂದವರು ನಡುದಾರಿಯಲ್ಲಿ ನಿಲ್ಲಬೇಕು. ಸಿಮಿಯನ್ ಸ್ವಂತ ದುಡ್ಡಲ್ಲಿ ಬೆಂಚು ಹಾಕಿಸಿದರೆ ವಾರ್ಡನ್‌ಗಳು (ಚರ್ಚಿನ ಆಡಳಿತ ನೋಡಿಕೊಳ್ಳೋರು) ಎತ್ತಿ ಅಂಗಳಕ್ಕೆ ಎಸೆದರು. ಭಾನುವಾರ ಸಂಜೆ ಆರಾಧನೆ ಇಟ್ಟರೆ ಚರ್ಚಿನ ಬಾಗಿಲಿಗೇ ಬೀಗ. ಸಿಮಿಯನ್ ಒಂದು ಸಲ ಬೀಗದವನನ್ನು ಕರೆಸಿ ತೆಗೆಸಿದರು, ಆಮೇಲೆ ಆ ಹಠ ಬಿಟ್ಟರು. ಮಧ್ಯಾಹ್ನದ ಪ್ರಸಂಗದ (ಚರ್ಚಿನಲ್ಲಿ ಮಾಡೋ ಉಪದೇಶದ) ಹಕ್ಕು ಕೈಗೆ ಸಿಗೋಕೆ 12 ವರ್ಷ ಹಿಡಿಯಿತು.

ಸಹನೆ ದೊಡ್ಡದು, ಒಪ್ಪೋಣ. ಆದರೆ ಅಷ್ಟೇ ಹೇಳಿ ಮುಗಿಸಿದರೆ ಅವರಿಗೆ ಅನ್ಯಾಯ ಮಾಡಿದ ಹಾಗೆ.

ಆ ಕಾಲದಲ್ಲಿ ಕೇಂಬ್ರಿಡ್ಜ್‌ನ ಹುಡುಗರು ಗಣಿತ, ಗ್ರೀಕ್, ಲ್ಯಾಟಿನ್ ಓದಿ ಪದವಿ ತಗೊಂಡು, ಬಿಷಪ್ ಕೈಯಲ್ಲಿ ದೀಕ್ಷೆ ಪಡೆದು ಸೀದಾ ಪ್ರಸಂಗಪೀಠ ಹತ್ತುತ್ತಿದ್ದರು. ಪ್ರಸಂಗ ಕಟ್ಟೋದು ಹೇಗೆ ಅಂತ ಕಲಿಸೋರೇ ಇರಲಿಲ್ಲ. ಸಿಮಿಯನ್ ಅದನ್ನ ಕಿಂಗ್ಸ್ ಕಾಲೇಜಿನ ತಮ್ಮ ಕೋಣೆಯಲ್ಲೇ ಕಲಿಸೋಕೆ ಶುರು ಮಾಡಿದರು. ಶುಕ್ರವಾರ ಸಂಜೆ ಚಹಾ ಕೊಟ್ಟು, ಯಾರು ಏನು ಬೇಕಾದರೂ ಕೇಳಬಹುದು ಅಂತ ಬಾಗಿಲು ತೆರೆದಿಟ್ಟರು. ಪ್ರಸಂಗ ಕಲಿಯೋರಿಗೆ ಬೇರೆಯೇ ತರಗತಿ.

ಅವರ ವಿಧಾನ ನೋಡಿ. ಮೊದಲು, ಆರಿಸಿಕೊಂಡ ಬೈಬಲ್ ವಚನದ ಮುಖ್ಯ ಅರ್ಥ ಯಾವುದು ಅಂತ ಹಿಡೀಬೇಕು. ಅದನ್ನ ಒಂದೇ ಸರಳ ಮಾತಿನಲ್ಲಿ ಹೇಳೋಕೆ ಬರಬೇಕು. ಹೇಳೋಕೆ ಬರಲಿಲ್ಲ ಅಂದ್ರೆ ಅರ್ಥ ಇನ್ನೂ ಸಿಕ್ಕಿಲ್ಲ. ಪ್ರಸಂಗದ ವಿಭಾಗಗಳು ಆ ಮಾತಿನಿಂದಲೇ ಹುಟ್ಟಬೇಕು, ಹೊರಗಿನಿಂದ ತಂದು ಸೇರಿಸೋ ಹಾಗಿಲ್ಲ. ಆಮೇಲೆ ನಿಜವಾದ ಪರೀಕ್ಷೆ: ಇದೇ ಚೌಕಟ್ಟು ಇನ್ನೊಂದು ವಚನಕ್ಕೂ ಹೊಂದುತ್ತಾ? ಹೊಂದಿದರೆ ಪ್ರಸಂಗ ಕೆಟ್ಟಿದೆ ಅಂತಲೇ ಲೆಕ್ಕ. ಬೋಧಕ ತನ್ನ ತಲೆಯಲ್ಲಿದ್ದದ್ದನ್ನು ವಚನದ ಗೂಟಕ್ಕೆ ನೇತುಹಾಕಿದ್ದಾನೆ ಅಷ್ಟೇ. ಕೊನೆಗೆ ಮೂರು ಪ್ರಶ್ನೆ: ಪಾಪಿಯನ್ನ ತಗ್ಗಿಸುತ್ತಾ, ರಕ್ಷಕನನ್ನ ಎತ್ತಿ ಹಿಡಿಯುತ್ತಾ, ಪರಿಶುದ್ಧ ಬದುಕಿಗೆ ನಡೆಸುತ್ತಾ?

ಈ ಅಳತೆಯಲ್ಲಿ ಅವರು ಬರೆದ ಚೌಕಟ್ಟುಗಳು 2536, ಸಂಪುಟ 21. ಅದಕ್ಕೆ ಅವರೇ ಇಟ್ಟ ಹೆಸರು ಅಸ್ಥಿಪಂಜರ. ಮೂಳೆ ನನ್ನದು, ಮಾಂಸ ನೀನು ತುಂಬು ಅಂತ. ಇಲ್ಲೇ ಬೋಧಕರು ಎಡವೋದು. ವಾರವೆಲ್ಲ ವಚನ ಓದದೆ ಶನಿವಾರ ರಾತ್ರಿ ಸಂಪುಟ ಬಿಡಿಸಿ ಮೂಳೆಯನ್ನೇ ಬಡಿಸಿದರೆ, ಕೇಳೋರಿಗೆ ತಲೆಬರಹ ಸಿಗುತ್ತೆ, ಊಟ ಸಿಗಲ್ಲ. ಸಿಮಿಯನ್ ಮಾತ್ರ ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಒಲೆಗೆ ತಾವೇ ಬೆಂಕಿ ಹಾಕಿಕೊಂಡು, ಎಂಟರ ತನಕ ಪ್ರಾರ್ಥನೆ, ಬೈಬಲ್ ಪಠಣದಲ್ಲಿ ಕೂರ್ತಿದ್ದರು. ಮಾಂಸ ಬರ್ತಿದ್ದದ್ದು ಅಲ್ಲಿಂದ.

ಅವರ ಬಳಿ ಕಲಿತವರು ನಮ್ಮ ದೇಶಕ್ಕೂ ಬಂದರು. ಅವರ ಸಹಾಯಕರಾಗಿದ್ದ ಹೆನ್ರಿ ಮಾರ್ಟಿನ್ ಈಸ್ಟ್ ಇಂಡಿಯಾ ಕಂಪನಿಯ ಚಾಪ್ಲಿನ್ (ಕಂಪನಿಯವರಿಗೆ ನೇಮಕವಾದ ಪಾದ್ರಿ) ಆಗಿ 1806ರಲ್ಲಿ ಕಲ್ಕತ್ತಾ ತಲುಪಿ, ಬೈಬಲ್‌ನ ಎರಡನೇ ಭಾಗವಾದ ಹೊಸ ಒಡಂಬಡಿಕೆಯನ್ನ ಉರ್ದುವಿಗೆ ತಂದರು. ಡೇನಿಯಲ್ ಕೊರ್ರಿ 1835ರಲ್ಲಿ ಮದ್ರಾಸಿನ ಮೊದಲ ಬಿಷಪ್ ಆದರು. ಗುರುಗಳು ಮಾತ್ರ ಬೇರೆ ಸಭೆ ಹುಡುಕಲೇ ಇಲ್ಲ. ಬೀಗ ಹಾಕಿಸಿಕೊಂಡ ಅದೇ ಹೋಲಿ ಟ್ರಿನಿಟಿಯಲ್ಲಿ 54 ವರ್ಷ, 1836ರ ನವೆಂಬರ್‌ನಲ್ಲಿ ಕಣ್ಣು ಮುಚ್ಚುವ ತನಕ.