ಕರು ಹಾಕಿದ ಹಸು ಬಡವಾಗುವುದೇಕೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಕರು ಹಾಕಿ ಮೂರು ವಾರವಾದ ಹಸುವನ್ನು ನೆನೆಸಿಕೊಳ್ಳಿ. ಹಾಲು ದಿನೇ ದಿನೇ ಏರುತ್ತಿದೆ. ಹಿಂಡಿ, ಬೂಸಾ, ಹಸಿ ಮೇವು ಎಲ್ಲ ಹಾಕುತ್ತಿದ್ದೀರಿ. ಆದರೂ ಪಕ್ಕೆಲುಬು ಎದ್ದು ಕಾಣುತ್ತದೆ. ತಿಂದದ್ದೆಲ್ಲ ಎಲ್ಲಿಗೆ ಹೋಯಿತು? ಇದಕ್ಕೆ ಉತ್ತರ ಹುಡುಕಲು ನಾವು ಹಸುವಿನ ಮಾಂಸಖಂಡದ ಒಳಗೆ ಇಣುಕಬೇಕು.

ಇನ್ಸುಲಿನ್ ಅಂದ ಕೂಡಲೇ ಸಕ್ಕರೆ ಕಾಯಿಲೆಯವರ ಇಂಜೆಕ್ಷನ್ ನೆನಪಾಗುತ್ತದೆ, ಅಲ್ವಾ? ಹಸುವಿನ ಮೇದೋಜೀರಕ ಗ್ರಂಥಿಯೂ ಅದನ್ನು ತಯಾರಿಸುತ್ತದೆ. ರಕ್ತದಲ್ಲಿ ಗ್ಲೂಕೋಸ್ ಏರಿದಾಗ ಇನ್ಸುಲಿನ್ ಹೊರಬರುತ್ತದೆ. ಆಗ ಮಾಂಸಖಂಡ ಗ್ಲೂಕೋಸನ್ನು ಒಳಗೆ ಎಳೆದುಕೊಳ್ಳುತ್ತದೆ.

ಇದು ಹೇಗೆ ನಡೆಯುತ್ತದೆ ಎಂಬುದಕ್ಕೆ ಒಳ್ಳೆಯ ಸುಳಿವು ಸಿಕ್ಕಿದ್ದು 1949ರಲ್ಲಿ. ರಾಚ್ಮೀಲ್ ಲೆವೀನ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು ಷಿಕಾಗೋದಲ್ಲಿ ನಾಯಿಗಳಿಗೆ ಗ್ಯಾಲಕ್ಟೋಸ್ ಎಂಬ ಸಕ್ಕರೆ ಕೊಟ್ಟು ನೋಡಿದರು. ಸ್ನಾಯುಗಳು ಈ ಸಕ್ಕರೆಯನ್ನು ಉರಿಸಿ ಬಳಸಲಾರವು. ಆದರೂ ಇನ್ಸುಲಿನ್ ಕೊಟ್ಟಾಗ ರಕ್ತದಲ್ಲಿ ಅದು ಇಳಿಯಿತು. ಉರಿಯದ ಸಕ್ಕರೆ ರಕ್ತ ಬಿಟ್ಟು ಜೀವಕೋಶದ ಒಳಗೆ ಹೋಗಿತ್ತು. ಜೀವಕೋಶದ ಹೊದಿಕೆ ದಾಟಿಸುವುದೇ ಇನ್ಸುಲಿನ್ ಕೆಲಸ ಎಂದು ಇದರಿಂದ ಗೊತ್ತಾಯಿತು. ಎಷ್ಟು ಸರಳ, ಎಷ್ಟು ಚೆನ್ನಾದ ಪ್ರಯೋಗ!

ಇನ್ಸುಲಿನ್ ಒಂದು ಬೀಗದ ಕೈ ಎಂದು ನೀವು ಕೇಳಿರಬಹುದು. ನನಗೆ ಆ ಹೋಲಿಕೆ ಸಾಲದು ಅನ್ನಿಸುತ್ತದೆ. ಯಾಕೆಂದರೆ ಇನ್ಸುಲಿನ್ ಬರುವ ಮೊದಲು ಸ್ನಾಯುವಿನ ಜೀವಕೋಶದ ಗೋಡೆಯಲ್ಲಿ ಗ್ಲೂಕೋಸ್ ಒಳಗೆ ಹೋಗುವ ಬಾಗಿಲುಗಳೇ ಬಹಳ ಕಡಿಮೆ. ಅವು ಒಳಗಡೆ, ಪುಟ್ಟ ಪುಟ್ಟ ಚೀಲಗಳಲ್ಲಿ ಕಾದು ಕುಳಿತಿರುತ್ತವೆ. 1980ರಲ್ಲಿ ಅಮೆರಿಕದ ಎರಡು ತಂಡಗಳು ಇಲಿಯ ಕೊಬ್ಬಿನ ಜೀವಕೋಶಗಳಲ್ಲಿ ಇದನ್ನು ಕಂಡವು. ಸ್ನಾಯುವಿನಲ್ಲೂ ಹೀಗೆಯೇ. ಇನ್ಸುಲಿನ್ ಹೊರಗೋಡೆಗೆ ಬಂದು ಕೂರುತ್ತದೆ. ಒಂದು ಪ್ರೋಟೀನಿನಿಂದ ಇನ್ನೊಂದಕ್ಕೆ ಸುದ್ದಿ ದಾಟುತ್ತದೆ. ಕೆಲವೇ ನಿಮಿಷಗಳಲ್ಲಿ ಆ ಚೀಲಗಳು ಗೋಡೆಗೆ ಬಂದು ಸೇರಿಕೊಳ್ಳುತ್ತವೆ. ಈ ಬಾಗಿಲಿನ ಹೆಸರು ಗ್ಲುಟ್-4. ಇನ್ಸುಲಿನ್ ಇಳಿದರೆ ಅವು ಮತ್ತೆ ಒಳಗೆ ಹೋಗುತ್ತವೆ.

ಈಗ ಹಸುವಿಗೆ ಬರೋಣ. ಅದರ ಕೆಚ್ಚಲಿನ ಮುಖ್ಯ ಬಾಗಿಲು ಬೇರೆ, ಗ್ಲುಟ್-1. ಅದು ಇನ್ಸುಲಿನ್‌ಗಾಗಿ ಕಾಯುವುದಿಲ್ಲ, ಸದಾ ಗೋಡೆಯಲ್ಲೇ ಇರುತ್ತದೆ. ಕರು ಹಾಕಿದ ಮೊದಲ ವಾರಗಳಲ್ಲಿ ಹಸುವಿನ ರಕ್ತದಲ್ಲಿ ಇನ್ಸುಲಿನ್ ಕಡಿಮೆ. ಇದ್ದಷ್ಟಕ್ಕೂ ಮಾಂಸಖಂಡ ಸರಿಯಾಗಿ ಓಗೊಡುವುದಿಲ್ಲ. ಹೀಗೆ ಸ್ನಾಯು ಮುಟ್ಟದೆ ಬಿಟ್ಟ ಗ್ಲೂಕೋಸ್ ಕೆಚ್ಚಲಿಗೆ ಸಿಗುತ್ತದೆ. ಮನುಷ್ಯರಲ್ಲಿ ಇದನ್ನೇ ನಾವು ಕಾಯಿಲೆಯ ಲಕ್ಷಣ ಅನ್ನುತ್ತೇವೆ. ಹಸುವಿನಲ್ಲಿ ಇದು ಕರುವಿಗಾಗಿ ತಾಯಿಯ ಮೈ ಮಾಡಿಕೊಂಡ ಏರ್ಪಾಡು.

ಕೆಚ್ಚಲಿಗೆ ಗ್ಲೂಕೋಸ್ ಎಷ್ಟು ಬೇಕು ಗೊತ್ತಾ? ಒಂದು ಲೀಟರ್ ಹಾಲಿಗೆ ಸುಮಾರು 70 ಗ್ರಾಂ. 20 ಲೀಟರ್ ಕೊಡುವ ಹಸುವಿಗೆ ದಿನಕ್ಕೆ ಸುಮಾರು 1,400 ಗ್ರಾಂ! ಹಾಲಿನ ಸಕ್ಕರೆ ಲ್ಯಾಕ್ಟೋಸ್ ಆಗುವುದು ಇದರಿಂದಲೇ. ಆ ಲ್ಯಾಕ್ಟೋಸ್ ನೀರನ್ನು ತನ್ನೆಡೆಗೆ ಎಳೆಯುತ್ತದೆ. ಹಾಗಾಗಿ ಗ್ಲೂಕೋಸ್ ಕಡಿಮೆಯಾದರೆ ಹಾಲಿನ ಅಳತೆಯೇ ಇಳಿಯುತ್ತದೆ. ಇನ್ನೊಂದು ಕಷ್ಟವೂ ಇದೆ. ಮೇವಿನ ಹೆಚ್ಚಿನ ಸಕ್ಕರೆ, ಪಿಷ್ಟವನ್ನು ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳೇ ಹುಳಿ ಮಾಡಿಬಿಡುತ್ತವೆ. ಹಸುವಿನ ಯಕೃತ್ತು ಆ ಹುಳಿಗಳಲ್ಲಿ ಒಂದಾದ ಪ್ರೊಪಿಯೋನಿಕ್ ಆಮ್ಲದಿಂದ ಗ್ಲೂಕೋಸನ್ನು ಹೊಸದಾಗಿ ಕಟ್ಟಬೇಕು.

ಸರಿ, ಮಾಂಸಖಂಡಕ್ಕೆ ಉರುವಲು ಎಲ್ಲಿಂದ? ಮೈಯಲ್ಲಿ ಕೂಡಿಟ್ಟ ಕೊಬ್ಬು ಕರಗಿ ಬರುತ್ತದೆ. ಪಕ್ಕೆಲುಬು ಕಾಣುವುದು ಅದಕ್ಕೇ. ಸ್ವಲ್ಪ ಕರಗಿದರೆ ಪರವಾಗಿಲ್ಲ. ಒಮ್ಮೆಲೇ ಜಾಸ್ತಿ ಕರಗಿದರೆ ಯಕೃತ್ತಿಗೆ ತಡೆಯಲಾಗದು, ಕೀಟೋಸಿಸ್ ಎಂಬ ಕಾಯಿಲೆ ಬರುತ್ತದೆ. ಹಸು ಮೇವು ಬಿಡುತ್ತದೆ, ಹಾಲು ಕುಸಿಯುತ್ತದೆ. ಹಾಗಾದರೆ ತಡ ಮಾಡದೆ ಪಶುವೈದ್ಯರನ್ನು ಕರೆಯಿರಿ. ಗಬ್ಬದ ಕೊನೆಯಲ್ಲಿ ಹಸುವನ್ನು ಅತಿಯಾಗಿ ಕೊಬ್ಬಿಸಬೇಡಿ. ಕರು ಹಾಕಿದ ಮೇಲೆ ಹಿಂಡಿಯನ್ನು ದಿನದಿನಕ್ಕೆ ಸ್ವಲ್ಪಸ್ವಲ್ಪವೇ ಏರಿಸಿ.

ತಿಂಗಳುಗಳು ಕಳೆದು ಹಾಲು ಇಳಿಯುತ್ತಾ ಬಂದಂತೆ ಇನ್ಸುಲಿನ್ ಏರುತ್ತದೆ. ಸ್ನಾಯು ಮತ್ತೆ ಅದರ ಮಾತು ಕೇಳತೊಡಗುತ್ತದೆ. ಕೊಟ್ಟಿಗೆಯಲ್ಲಿ ನಿಂತು ನೋಡಿದರೆ ನಿಮಗೇ ಕಾಣುತ್ತದೆ, ಹಸು ಮೈ ತುಂಬಿಕೊಳ್ಳುತ್ತಿರುತ್ತದೆ.

ನಮಸ್ಕಾರ.